ಮಾವನ ಹಿಂದೆ ಹೊಳೆದಂಡೆಯಲ್ಲಿ

ಹಲವಾಗಲಿನ ಹೊಳೆದಂಡೆ ಚಂದ ಎಂದು ಯಾರಾದರೂ ಹೇಳಿದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಚಂದ ಇರುವುದೇನೂ ಸುಳ್ಳಲ್ಲ. ಏರಿಲ್ಲ, ಇಳಿಜಾರಿಲ್ಲ, ಕಾಲಿಗೆ ಕಲ್ಲು ಸಿಗುವುದಿಲ್ಲ. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ತುಂಗಭದ್ರೆ, ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ದಾರಿ. ಮುದುಕರು, ಬಸುರಿಯರು ಕೂಡ ಆಯಾಸವಿಲ್ಲದೆ ನಡೆಯಬಹುದು. ಆದರೆ ನಾನು ಅಲ್ಲಿ ನಡೆದದ್ದು ಮಾವನ ಹಿಂದೆ. ಮಾವ ನಡೆದದ್ದು ತಮ್ಮನ ಹೊಟ್ಟೆ ಉರಿಸುವುದಕ್ಕೆ.

ನಾನು ಕೊಟ್ಟೂರಿನವಳು. ತೊಂಬತ್ತರ ದಶಕದ ನಡುವೆ ಮದುವೆಯಾಗಿ ಹಲವಾಗಲಿಗೆ, ಮಾವನ ಮನೆಗೆ ಬಂದೆ. ಮಾವನಿಗೆ ತಮ್ಮ ತಂಗಿಯ ಮಗಳನ್ನೇ ಸೊಸೆಯಾಗಿ ತಂದುಕೊಳ್ಳುವ ಆಸೆಯಿತ್ತು. ನನ್ನ ಗಂಡ ಒಪ್ಪಿರಲಿಲ್ಲ. ಮಗನ ಮೇಲಿನ ಆ ಸಿಟ್ಟೆಲ್ಲ ನನ್ನ ಪಾಲಿಗೆ ಬಂತು. ಅವರು ನನ್ನ ಜೊತೆ ಮಾತಾಡುತ್ತಿರಲಿಲ್ಲ, ನಾನಿರುವ ಕಡೆಯ ಗೋಡೆಗೆ ಹೇಳುತ್ತಿದ್ದರು.

"ಈ ಮನ್ಯಾಗ ಒಂದು ತಂಬಿಗಿ ನೀರು ಕೊಡೋರು ಯಾರರ ಅದಾರೇನು?"

ನಾನು ತಂಬಿಗೆ ತಂದು ಅವರ ಮುಂದೆ ಸದ್ದಾಗುವಂತೆ ಇಡುತ್ತಿದ್ದೆ. ಅವರು ಅದಕ್ಕೂ ಗೋಡೆಯನ್ನೇ ಗದರುತ್ತಿದ್ದರು. ಹೀಗೆ ನಮ್ಮಿಬ್ಬರ ವ್ಯವಹಾರ ನಡೆದಿತ್ತು.

ಮಾವನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದದ್ದು ಹರಪನಹಳ್ಳಿಯ ಡಾಕ್ಟರ ಬಳಿ. ಕಾಲಿನ ಗಾಯ ಮಾಯುತ್ತಿಲ್ಲವೆಂದು ಕರೆದುಕೊಂಡು ಹೋಗಿದ್ದೆವು. ಡಾಕ್ಟರು ಗುಳಿಗೆ ಬರೆದುಕೊಟ್ಟು, "ದಿನಾ ಮುಂಜಾನೆ ನಡೀಬೇಕು ಯಜಮಾನ್ರ. ಒಬ್ರ ಹೋಗಬ್ಯಾಡ್ರಿ, ತಲಿ ತಿರುಗಿ ಬಿದ್ರ ನೋಡಾಕ ಯಾರರ ಇರ್ಬೇಕು" ಎಂದರು. ಅತ್ತೆಗೆ ಮಂಡಿನೋವು. ನನ್ನ ಗಂಡ ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಬೆಳಗಿನ ಮೊದಲ ಬಸ್ಸಿಗೇ ಹೋಗಿಬಿಡುತ್ತಿದ್ದರು. ಉಳಿದವಳು ನಾನು. ಸೆರಗಿನ ಗಂಟಿನಲ್ಲಿ ಒಂದು ಚೂರು ಬೆಲ್ಲ ಕಟ್ಟಿಕೊಂಡು, ಗುಳಿಗೆಯಿಂದ ಸಕ್ಕರೆ ತೀರಾ ಇಳಿದು ಮಾವ ಎಲ್ಲಿಯಾದರೂ ಕುಸಿದರೆ ಬಾಯಿಗೆ ಹಾಕುವುದಕ್ಕೆಂದು, ಅವರ ಹಿಂದೆ ಹೊರಟೆ.

ಹೊಳೆಗೆ ಇಳಿಯುವಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಹುಣಸೆ ಮರಗಳ ಸಾಲು, ಆಮೇಲೆ ಹಾಳು ಬಿದ್ದ ಒಂದು ಮಂಟಪ. ಬಲಕ್ಕೆ ಬರೀ ಗದ್ದೆ, ನೆರಳಿಲ್ಲ. ಮೊದಲ ದಿನವೇ ಮಾವ ಯೋಚಿಸದೆ ಬಲಕ್ಕೆ ತಿರುಗಿದರು. ನನಗೆ ಕಾರಣ ಗೊತ್ತಾಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಪಂಪ್‌ಸೆಟ್ಟಿನ ಕೋಣೆ ಕಂಡಿತು. ಅದರ ಮುಂದಿನ ಕಟ್ಟೆಯ ಮೇಲೆ ಬೇವಿನ ಕಡ್ಡಿ ಜಗಿಯುತ್ತ ಕೂತಿದ್ದವರು ಮಾವನ ಸ್ವಂತ ತಮ್ಮ, ಅಂದರೆ ನಮ್ಮ ಸಣ್ಣಮಾವ.

ಅಣ್ಣತಮ್ಮಂದಿರು ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಪಾಲಾಗುವಾಗ ಹೊಳೆಗೆ ಹತ್ತಿದ ಆ ಗದ್ದೆ ತಮ್ಮನಿಗೆ ಹೋಯಿತು, ಮಾವನಿಗೆ ಮಳೆಯನ್ನೇ ನಂಬಿದ ಊರಾಚೆಯ ಎರೆಹೊಲ ಬಂತು. ಪಂಚರು ಮಾಡಿದ ಪಾಲು. ಮಾವ ಒಪ್ಪಿ ಹೆಬ್ಬೆಟ್ಟು ಒತ್ತಿದ್ದರು, ಮನಸ್ಸಿನಲ್ಲಿ ಮಾತ್ರ ಒಪ್ಪಿರಲಿಲ್ಲ.

ನಮ್ಮನ್ನು ಕಂಡಕೂಡಲೇ ಸಣ್ಣಮಾವ ಬಾಯಲ್ಲಿದ್ದುದನ್ನು ಉಗುಳಿದರು. ಮಾವ ನಡಿಗೆ ನಿಧಾನ ಮಾಡಿ, ಗಂಟಲು ಸರಿಮಾಡಿಕೊಂಡು ಗಾಳಿಗೆ ಹೇಳಿದರು:

"ಯಾರೋ ಭತ್ತ ಹಚ್ಯಾರ. ಕಳೆ ತೆಗ್ಯಾಕ ಆಳು ಸಿಕ್ಕಿಲ್ಲಂತ ಕಾಣ್ತೈತಿ."

ಸಣ್ಣಮಾವ ಪಂಪಿನ ಕಡೆ ತಿರುಗಿ, "ಊರಾಗಿನ ನಾಯಿಗುಳೆಲ್ಲ ಮುಂಜಾನೆದ್ದು ಹೊಳಿಗೆ ಬರ್ತಾವು" ಎಂದರು.

ವಾಪಸು ಬರುವಾಗ ಮತ್ತೆ ಅದೇ ಗಂಟಲು, ಅದೇ ಉಗುಳು. ಮನೆಗೆ ಬಂದ ಮಾವ ಗೆಲುವಾಗಿದ್ದರು. ಅತ್ತೆ ಹಾಕಿದ ರೊಟ್ಟಿಯನ್ನು ಚಪ್ಪರಿಸಿ ತಿಂದರು. ನಾನು ಒಲೆಯ ಮುಂದೆ ಕೂತು, ಈ ಮುದುಕ ನನ್ನನ್ನು ತನ್ನ ಜಗಳಕ್ಕೆ ಸಾಕ್ಷಿ ಮಾಡಿಕೊಂಡಿದ್ದಾನೆ ಎಂದು ಮನಸ್ಸಿನಲ್ಲೇ ಬೈದೆ.

ಆಮೇಲೆ ದಿನಾ ಅದೇ ಆಯಿತು. ಸಣ್ಣಮಾವನ ಹಗೆ ನನಗೂ ಹತ್ತಿತು. ಬಟ್ಟೆ ಒಗೆಯುವಲ್ಲಿ ಅವರ ಹೆಂಡತಿ ನನ್ನನ್ನು ಕಂಡರೆ ಬಕೆಟ್ಟನ್ನು ಆ ಕಡೆ ಎಳೆದುಕೊಳ್ಳುತ್ತಿದ್ದರು. ಒಂದು ಸಲ ಎಲ್ಲ ಹೆಂಗಸರ ಮುಂದೆ, "ನಿಮ್ಮ ಮಾವಗ ಹೇಳವ್ವ, ದಿನಾ ನಮ್ಮ ಬೆಳಿಗೆ ದೃಷ್ಟಿ ಹಾಕಾಕ ಬರಬ್ಯಾಡ ಅಂತ. ಸೊಸಿನ್ನ ಬ್ಯಾರೆ ಹಿಂದ ಕಟ್ಕೊಂಡು ಬರ್ತಾನ" ಎಂದರು. ಹೆಂಗಸರು ನಕ್ಕರು. ನಾನು ಅರ್ಧ ಒಗೆದ ಬಟ್ಟೆ ಹಿಂಡಿಕೊಂಡು ಮನೆಗೆ ಬಂದೆ. ಅತ್ತೆಗೆ ಹೇಳಿದರೆ, "ನೀ ಸುಮ್ನಿರವ್ವ, ಅವ್ರು ಹುಟ್ಟಿದಾಗಿಂದ ಹಂಗ ಅದಾರ" ಅಂದರು.

ಇಷ್ಟರಲ್ಲಿ ಮಾವನ ಸಕ್ಕರೆ ಇಳಿಯಿತು. ಕಾಲಿನ ಗಾಯ ಮಾಯಿತು. "ನಡಿಗಿ ಛಲೋ ಕೆಲಸ ಮಾಡೈತಿ" ಎಂದು ಡಾಕ್ಟರು ಹೊಗಳಿದರು.

ಬೇಸಿಗೆಯ ಒಂದು ಬೆಳಿಗ್ಗೆ ಹೋದರೆ ದಾರಿಗೆ ಅಡ್ಡಲಾಗಿ ಜಾಲಿಮುಳ್ಳಿನ ಬೇಲಿ. ಗದ್ದೆಯ ಬದುವಿನಿಂದ ದಂಡೆಯ ಅಂಚಿನವರೆಗೂ ಹಾಕಿ ತಂತಿಯಿಂದ ಬಿಗಿದಿದ್ದರು. ಆಚೆ ಸಣ್ಣಮಾವ ಕೈಕಟ್ಟಿ ನಿಂತಿದ್ದರು. ಎಲ್ಲರೂ ಓಡಾಡುವ ದಾರಿ ಅದು, ಅವರದಲ್ಲ. ಆದರೂ ಹಾಕಿದ್ದರು.

"ಮುಳ್ಳು ತೆಗೀಬೇಕು" ಅಂದರು ಮಾವ, ಹೊಳೆಯ ಕಡೆ ನೋಡುತ್ತ.

ನಾನು ನಿಂತೇ ಇದ್ದೆ.

"ಮುಳ್ಳು ತೆಗೀಬೇಕು ಅಂದೆ."

ಮುಂದೆ ಹೋಗಿ ಒಂದು ಕೊಂಬೆಗೆ ಕೈಹಾಕಿ ಎಳೆದೆ. ಅಂಗೈಗೆ ಮುಳ್ಳು ಆಳವಾಗಿ ನಟ್ಟು ರಕ್ತ ಬಂತು. ಸಣ್ಣಮಾವ ನಕ್ಕರು.

"ಸೊಸಿ ಕೈಲಿ ಬೇಲಿ ಕೀಳಸ್ತಾನ ನೋಡು, ದೊಡ್ಡ ಗಂಡಸು!"

ನಾನು ಕೊಂಬೆಯನ್ನು ಅಲ್ಲೇ ಬಿಟ್ಟೆ. ಅಷ್ಟು ದಿನ ಒಳಗೆ ಕೂಡಿಟ್ಟದ್ದೆಲ್ಲ ಒಮ್ಮೆಗೇ ಹೊರಬಂತು. ಮಾವನ ಎದುರಿಗೇ ಹೋಗಿ ನಿಂತು, "ನಾ ಕೀಳಂಗಿಲ್ರಿ ಮಾವಾರ. ನಿಮ್ಮ ಜಗಳ, ನೀವ ಕೀಳ್ರಿ" ಎಂದೆ. ಆಮೇಲೆ ಬೇಲಿಯ ಆಚೆಗೂ ತಿರುಗಿ, "ನೀವೂ ನಗಬ್ಯಾಡ್ರಿ. ಒಬ್ಬ ಮುದುಕ್ನಿಗೆ ಹೆದರಿ ಹಾದಿಗೆ ಮುಳ್ಳು ಹಚ್ಚೀರಿ, ಅದೇನು ಗಂಡಸ್ತನ?" ಅಂದೆ.

ಹೊಳೆಯಲ್ಲಿ ಯಾರೋ ಎಮ್ಮೆಗಳ ಮೈ ತೊಳೆಯುತ್ತಿದ್ದವರು ತಲೆಯೆತ್ತಿ ನೋಡಿದರು. ಆಗ ಮಾವ, ಆ ಮನೆಗೆ ನಾನು ಬಂದಮೇಲೆ ಮೊದಲ ಸಲ, ನನ್ನ ಮುಖ ನೋಡಿ ನನ್ನ ಜೊತೆಯೇ ಮಾತಾಡಿದರು.

"ಕೊಟ್ಟೂರಾಗ ಇದನ್ನ ಕಲಿಸಿ ಕಳಿಸ್ಯಾರೇನು ನಿನಗ?"

"ಹೌದ್ರಿ" ಎಂದೆ.

ಅವರು ಮುಖ ತಿರುಗಿಸಿ, ದಂಡೆ ಇಳಿದು ಮರಳಿಗೆ ಹೋದರು. ಬೇಸಿಗೆಯಲ್ಲಿ ನೀರು ಆಚೆ ದಡಕ್ಕೆ ಸರಿದು, ಈಚೆ ಅಗಲವಾಗಿ ಮರಳು ಬಿದ್ದಿರುತ್ತದೆ. ಬೇಲಿ ಅಲ್ಲಿಗೆ ಮುಟ್ಟಿರಲಿಲ್ಲ. ಕಾಲು ಹೂತುಕೊಳ್ಳುತ್ತಿದ್ದರೂ ಮಾವ ಪಂಪ್‌ಸೆಟ್ಟಿನ ಎದುರಿಗೆ ಹೋಗಿ, ನಿಂತು, ಜೋರಾಗಿ ಕೆಮ್ಮಿ ಬಂದರು. ನಾನು ಕೈಗೆ ಸೆರಗು ಸುತ್ತಿಕೊಂಡು ದಂಡೆಯ ಮೇಲೇ ಕಾದೆ. ನನ್ನ ಕೈ ಏನಾಯಿತೆಂದು ಅವರು ಕೇಳಲಿಲ್ಲ. ಸಂಜೆ ಗಂಡ ಪಿನ್ನಿನಿಂದ ಮುಳ್ಳು ತೆಗೆದರು. ಅಪ್ಪನಿಗೆ ಏನಾದರೂ ಹೇಳಿ ಅಂದರೆ, "ಹೇಳಿದ್ರ ಕೇಳ್ತಾನೇನು?" ಎಂದರು.

ಬೇಸಿಗೆ ಮುಗಿಯುವವರೆಗೂ ಮಾವ ಮರಳಿನ ಮೇಲೇ ಹೋಗಿ ಬರುತ್ತಿದ್ದರು. ಮಳೆಗಾಲ ಬಂತು. ಹೊಳೆ ಕೆಂಪಾಗಿ ತುಂಬಿಕೊಂಡು ದಂಡೆಯವರೆಗೂ ಬಂತು, ಮರಳು ಮುಳುಗಿತು. ಇನ್ನು ಎಡಕ್ಕಲ್ಲದೆ ಬೇರೆ ದಾರಿ ಇರಲಿಲ್ಲ. ನನಗೆ ಒಳಗೊಳಗೇ ಖುಷಿ. ಹುಣಸೆಯ ನೆರಳು, ನೆಲದ ಮೇಲೆ ತೇವ, ಬೆಳ್ಳಕ್ಕಿಗಳು. ಯಾರ ಬೈಗುಳವೂ ಇಲ್ಲ. ಮಾವ ಎರಡನೇ ಮರದ ಹತ್ತಿರವೇ ಕೂತುಬಿಟ್ಟರು.

"ನಡೀರಿ, ಮಂಟಪದ ತನ ಹೋಗಿ ಬರಾಣ" ಎಂದೆ.

"ಇಲ್ಲೇನೈತಿ ನೋಡಾಕ?" ಅಂದರು.

ಮರುದಿನ ಇನ್ನೂ ಬೇಗ ಕೂತರು. ಆಮೇಲೆ ಕಾಲುನೋವು ಅಂದರು, ಮೋಡ ಅಂದರು, ಕೊನೆಗೆ ಏಳುವುದನ್ನೇ ಬಿಟ್ಟರು. ಬಾಯಾರಿಕೆ ಹೆಚ್ಚಾಯಿತು, ಮೈ ಸೊರಗಿತು. ಡಾಕ್ಟರು ಸಕ್ಕರೆ ಏರಿದೆ ಎಂದು ನನ್ನನ್ನೇ ಬೈದರು: "ನೀವು ಕರ್ಕೊಂಡು ಹೋಗಬೇಕಲ್ರಿ?" ಮಾವ ಪಕ್ಕದಲ್ಲೇ ಗೋಡೆ ನೋಡುತ್ತ ಕೂತಿದ್ದರು.

ಅದೇ ದಿನಗಳಲ್ಲಿ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಗುಳಿಗೆಯ ಚೀಲ ಹಿಡಿದು ಒಬ್ಬಳೇ ನಿಂತಿದ್ದೆ. ಸಣ್ಣಮಾವ ಗೊಬ್ಬರದ ಅಂಗಡಿಯಿಂದ ಬಂದು ಸ್ವಲ್ಪ ದೂರದಲ್ಲಿ ನಿಂತರು. ನನ್ನ ಕಡೆ ನೋಡದೆ, ನಿಂತ ಬಸ್ಸಿಗೆ ಕೇಳುವವರಂತೆ ಕೇಳಿದರು:

"ನಿಮ್ಮ ಮನಿ ಯಜಮಾನ ಸತ್ತಾನೇನು?"

"ಇಲ್ರಿ."

"ಮತ್ತ ಬರವಲ್ಲ?"

"ನೀವ ಬೇಲಿ ಹಚ್ಚೀರಲ್ರಿ."

"ಬೇಲಿ ಹಚ್ಚೀನಿ. ಅದಕ್ಕ ಬಿಟ್ಟಬಿಟ್ಟನೇನು? ಅಷ್ಟ ಏನು ಅವನ ಸೊಕ್ಕು?" ಎಂದು ಗೊಣಗಿ ಬಸ್ಸಿನ ಹಿಂದಿನ ಬಾಗಿಲಿನಿಂದ ಹತ್ತಿದರು. ನಾನು ಮುಂದಿನ ಬಾಗಿಲಿನಿಂದ ಹತ್ತಿದೆ.

ಕೆಲವು ದಿನಗಳ ಮೇಲೆ ಬಟ್ಟೆ ಒಗೆಯಲು ಹೋದಾಗ ನೋಡಿದೆ. ಬೇಲಿ ಹಾಗೇ ಇತ್ತು, ಒಬ್ಬ ಮನುಷ್ಯ ತೂರುವಷ್ಟು ಜಾಗ ಮಾತ್ರ ಬಿಟ್ಟಿದ್ದರು. ಮನೆಗೆ ಬಂದು ಹೇಳಿದೆ. ಮಾವ ಮರುದಿನ ನಾನು ಏಳುವ ಮೊದಲೇ ಚಪ್ಪಲಿ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದರು.

ಬೇಲಿಯ ಸಂದಿಯಲ್ಲಿ ಏದುಸಿರು ಬಿಡುತ್ತ ತೂರಿದ ಅಣ್ಣನನ್ನು ಸಣ್ಣಮಾವ ಕಟ್ಟೆಯ ಮೇಲಿಂದ ಅಡಿಯಿಂದ ಮುಡಿಯವರೆಗೆ ನೋಡಿದರು. "ಎಲುಬು ಕಾಣ್ತಾವು. ಇನ್ನ ಭಾಳ ದಿನ ಇಲ್ಲ" ಎಂದು ಪಂಪಿಗೆ ಹೇಳಿದರು. ಮಾವ ಭತ್ತಕ್ಕೆ ಬೆಂಕಿರೋಗ ಬಿದ್ದು ಗರಿ ಸುಟ್ಟಿದೆ ಎಂದು ಗಾಳಿಗೆ ಹೇಳಿದರು. ಅಂದು ಮನೆಗೆ ಬಂದು ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡು ಉಂಡರು.

ಇದನ್ನು ಹೇಳಿದಾಗೆಲ್ಲ ಕೇಳಿದವರು, ಅಯ್ಯೋ, ಒಳಗೆ ಎಷ್ಟು ಪ್ರೀತಿ ಇತ್ತು ನೋಡಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ದಿನವೂ ಆ ಎರಡು ಮುಖಗಳನ್ನು ಹತ್ತಿರದಿಂದ ನೋಡಿದವಳು ನಾನು. ಅಲ್ಲಿ ಪ್ರೀತಿ ಇರಲಿಲ್ಲ. ಹಗೆಗೆ ಎದುರಿಗೊಬ್ಬರು ಬೇಕಾಗಿತ್ತು, ಅಷ್ಟೆ. ನನಗೂ ಮಾವನ ಮೇಲೆ ಅಂಥದೇ ಏನೋ ಇತ್ತೆಂದು ಕಾಣುತ್ತದೆ, ಇಲ್ಲದಿದ್ದರೆ ಅಷ್ಟು ಬೆಳಗುಗಳು ಆ ಬೆಲ್ಲದ ಚೂರು ಕಟ್ಟಿಕೊಂಡು ಹೋಗುತ್ತಿರಲಿಲ್ಲ.

ಮುಂದೆ ಗಂಡ ಹರಪನಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದರು. ಹೊರಡುವ ದಿನ ಕಾಲಿಗೆ ನಮಸ್ಕರಿಸಿದೆ. ಮಾವ ಏನೂ ಹರಸಲಿಲ್ಲ. ಅತ್ತೆಯ ಕಡೆ ತಿರುಗಿ, "ಕೊಟ್ಟೂರಿನೋರಿಗೆ ಪ್ಯಾಟಿ ಬೇಕಾಗಿತ್ತು, ಸಿಕ್ತು" ಎಂದರು. ಆಮೇಲೆ ಕೋಲು ಹಿಡಿದು ಒಬ್ಬರೇ ಬಲದ ದಾರಿಗೆ ಹೋಗುತ್ತಿದ್ದರಂತೆ.

ಎರಡು ಸಾವಿರದ ಇಸವಿಯ ಈಚೆಗೆ, ಒಂದು ಚಳಿಗಾಲದಲ್ಲಿ, ಎದೆನೋವು ಬಂದು ಮಾವ ಮನೆಯಲ್ಲೇ ತೀರಿಕೊಂಡರು. ಮಣ್ಣಿಗೆ ಊರೆಲ್ಲ ಬಂತು. ಸಣ್ಣಮಾವ ಬರಲಿಲ್ಲ. ಅಂದು ಅವರು ಗದ್ದೆಗೆ ನೀರು ಹಾಯಿಸುತ್ತಿದ್ದರೆಂದು ನೋಡಿದವರು ಹೇಳಿದರು. ಆಮೇಲಿನ ಶಿವಗಣಾರಾಧನೆಯ ಊಟಕ್ಕಾದರೂ ಕರೆಯಬೇಕು ಎಂದು ಅತ್ತೆ ಹಟ ಹಿಡಿದರು. ನನ್ನ ಗಂಡ ಹೋದರು. ಸಣ್ಣಮಾವ ಹೊಸ್ತಿಲಲ್ಲೇ ನಿಂತು, "ಅವನ ಅನ್ನ ನಾ ಉಣ್ಣಂಗಿಲ್ಲ" ಎಂದು ಬಾಗಿಲು ಹಾಕಿಕೊಂಡರಂತೆ.

ಯಾರ ಮೇಲೂ ದನಿ ಏರಿಸದ ನನ್ನ ಗಂಡ ಅಂಗಳಕ್ಕೆ ಬಂದು, ಬಡಿಸಲು ನಿಂತಿದ್ದ ನಮ್ಮೆಲ್ಲರ ಮುಂದೆ, "ಇನ್ನ ನಾನು ಆ ಮನಿ ಮೆಟ್ಲ ಹತ್ತಿದ್ರ ಕೇಳ್ರಿ" ಎಂದು ಕೂಗಿದರು. ಅವರ ಮುಖ ಆಗ ಥೇಟು ಮಾವನ ಮುಖವೇ ಆಗಿತ್ತು. ನಾನು ಅನ್ನದ ಬುಟ್ಟಿ ಎತ್ತಿಕೊಂಡು ಪಂಕ್ತಿಗೆ ಹೋದೆ. ಮರುದಿನ ಮೊದಲ ಬಸ್ಸಿಗೆ ಹರಪನಹಳ್ಳಿಗೆ ವಾಪಸಾದೆವು.