ಅಕ್ಕನ ಕೈ, ಮಕ್ತಲ್ ನಿಲ್ದಾಣ

ನಾರಾಯಣಪೇಟೆಯಿಂದ ಅಕ್ಕನನ್ನು ಗದ್ವಾಲದ ನಮ್ಮ ಮನೆಗೆ ಕರೆದೊಯ್ಯುತ್ತಿದ್ದೆ. ಮಕ್ತಲ್‌ನಲ್ಲಿ ಬಸ್ ಬದಲಿಸಬೇಕು. ಎಪ್ಪತ್ತು ದಾಟಿದರೂ ಅವಳು ಸೀರೆ ಮಗ್ಗಕ್ಕೆ ನೂಲು ಸುತ್ತಿ ಕೊಡುತ್ತಿದ್ದಳು. ಇನ್ನಾದರೂ ಕೂತು ಉಣ್ಣಲಿ ಎಂದು, ಅವಳಿಗೆ ತಿಳಿಯದಂತೆ, ನೂಲು ಕೊಡಬೇಡವೆಂದು ನೇಕಾರನಿಗೆ ಹೇಳಿದವನು ನಾನೇ.

ನಿಲ್ದಾಣದ ಬೆಂಚಿನಲ್ಲಿ ಅಕ್ಕ ಬೆರಳು ನೋಡಿಕೊಳ್ಳುತ್ತ ಕೂತಿದ್ದಳು. "ನನ್ನ ಕೈ ಕೆಟ್ಟಾವ ತಮ್ಮಾ. ಎಳಿ ಹರೀತಾವೋ ಏನೋ, ಅದಕ್ಕ ನೂಲು ಕೊಡೋದು ಬಿಟ್ಟಾನ."

ನನಗೆ ತಡೆಯಲಾಗಲಿಲ್ಲ. "ನಿನ್ನ ಕೈ ಅಲ್ಲಕ್ಕಾ, ಬ್ಯಾಡಂದಾಂವ ನಾನು."

ಬಯ್ಯುತ್ತಾಳೆಂದು ತಲೆ ತಗ್ಗಿಸಿದೆ. ಅವಳು ತನ್ನೆರಡೂ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳು. "ಹಂಗಾರ ಇವು ಚಲೋನ ಅದಾವಲ್ಲೋ, ಮೂಳಾ!"

ಗದ್ವಾಲದ ಬಸ್ ಬರುವಷ್ಟರಲ್ಲಿ ಅಕ್ಕ ನಾರಾಯಣಪೇಟೆ ಬಸ್ಸಿನ ಕಿಟಕಿಯಲ್ಲಿದ್ದಳು. "ಬಾರೋ, ಜಾಗ ಹಿಡದೀನಿ. ನೂಲು ಕೊಡು ಅಂತ ಅವನಿಗೆ ನೀನ ಹೇಳಬೇಕು."