ಬಸ್ಸಿಗೆ ಬಿಜಯಂಗೈದವರು

ಮಾಗಳದಿಂದ ಹಡಗಲಿಗೆ ಹೋಗುವ ಬೆಳಗಿನ ಬಸ್ಸು ದಿನಾ ಒಬ್ಬರಿಗಾಗಿ ಕಾಯುತ್ತಿತ್ತು. ಗೊಬ್ಬರದ ಅಂಗಡಿಯ ಯಜಮಾನರು ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ನಿಧಾನಕ್ಕೆ ಬರುವವರು. ಅಲ್ಲಿಯತನಕ ಕಂಡಕ್ಟರ್ ಸೀಟಿ ಊದುತ್ತಿರಲಿಲ್ಲ. ಊರಿಗೆ ದೊಡ್ಡವರು, ಯಾರು ಬಾಯಿ ಬಿಡಬೇಕು? ಆಫೀಸಿನಲ್ಲಿ ತಡವಾಗಿ ಬಂದಳೆಂದು ಬೈಸಿಕೊಳ್ಳುವವಳು ಮಾತ್ರ ನಾನು. ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ನಾನು ಎಂ.ಎ. ಪರೀಕ್ಷೆಗೆ ಕಟ್ಟಿದ್ದೆ. ನಿಂತ ಬಸ್ಸಿನಲ್ಲೇ ಹಳಗನ್ನಡ ಓದುತ್ತಿದ್ದಾಗ ಒಂದು ಪದ ಸಿಕ್ಕಿತು: ಬಿಜಯಂಗೈ. ಅರಸರು ದಯಮಾಡಿಸುವುದಕ್ಕೆ ಹಾಗನ್ನುತ್ತಿದ್ದರಂತೆ. ತಲೆ ಎತ್ತಿದರೆ ಯಜಮಾನರು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುತ್ತಿದ್ದರು.

"ಬರ್ರಿ ಯಜಮಾನ್ರ, ಬಿಜಯಂಗೈರಿ!" ಎಂದೇಬಿಟ್ಟೆ.

"ಹಂಗಂದ್ರ ಏನವ್ವಾ?"

"ರಾಜರು ಬಂದ್ರ ಹಂಗ ಅಂತಿದ್ರಂತ್ರಿ. ಅವರಿಗೂ ಎಲ್ಲಾರೂ ಕಾಯ್ಕೊಂಡು ಕುಂದರ್ತಿದ್ರಂತ."

ಬಸ್ಸು ಗೊಳ್ಳೆಂದು ನಕ್ಕಿತು. ಅವರೂ ನಕ್ಕರು, ಆದರೆ ಕಿವಿ ಕೆಂಪಾಗಿದ್ದವು. ಮರುದಿನದಿಂದ ಎಲ್ಲರ ಬಾಯಲ್ಲೂ ಅದೇ ಮಾತು. ವಾರ ಕಳೆಯುವುದರೊಳಗೆ ಯಜಮಾನರು ಬಸ್ಸಿಗಿಂತ ಮುಂಚೆ ಬಂದು ನಿಲ್ಲತೊಡಗಿದರು.

ಮೊನ್ನೆ ನನಗೇ ತಡವಾಯಿತು. ಸೆರಗು ಸಿಕ್ಕಿಸಿಕೊಂಡು ಓಡಿ ಬರುತ್ತಿದ್ದೆ. ಹೊರಟಿದ್ದ ಬಸ್ಸನ್ನು ನಿಲ್ಲಿಸಿ, ಯಜಮಾನರು ಕಿಟಕಿಯಿಂದ ತಲೆ ಹೊರಹಾಕಿ ಓಣಿಗೆಲ್ಲ ಕೇಳುವಂತೆ ಕೂಗಿದರು:

"ಬರ್ರಿ ಮೇಡಂ, ಬಿಜಯಂಗೈರಿ!"

ಏದುಸಿರಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಎಷ್ಟೋ ಕಾಲದಿಂದ ಪುಸ್ತಕದಲ್ಲಿ ಮಲಗಿದ್ದ ಪದಕ್ಕೆ ನಮ್ಮೂರ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು.