ಸಕ್ಕರೆ ಮುಗಿದ ಮೇಲೆ ಹಂಚಿದ ಗಿಡ

ಕೊಂಡ್ಲಹಳ್ಳಿಗೆ ಹೊಸ ಮೊಮ್ಮಗಳನ್ನು ನೋಡಲು ಹೊರಟಿದ್ದೇನೆ. ಖುಷಿ ತಡೆಯಲಾರದೆ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೂತವರಿಗೆಲ್ಲ ಸಕ್ಕರೆ ಹಂಚಿದೆ. ಸಕ್ಕರೆ ಮುಗಿಯಿತು, ಖುಷಿ ಮುಗಿಯಲಿಲ್ಲ. ಮಗಳಿಗೆಂದು ಒಯ್ಯುತ್ತಿದ್ದ ಕುಂಡದ ಗಿಡವನ್ನೂ ಮುರಿಮುರಿದು ಕೊಟ್ಟೆ. ದಪ್ಪ ಎಲೆ, ಗಂಟೆಯಂಥ ಕೆಂಪು ಹೂವು. ನೀರೇ ಬೇಡ, ಎಲೆಯ ಅಂಚಿನಲ್ಲೇ ಮರಿ ಸಸಿ ಹುಟ್ಟುತ್ತವೆ. "ನಮ್ಮ ಪಾಪುವಿನ ವಂಶಾನೂ ಹಿಂಗೇ ಬೆಳೀಲಿ ಅನ್ರಿ," ಅಂದೆ.

ಹೆಗಲಿಗೆ ಕಂಬಳಿ ಹಾಕಿಕೊಂಡಿದ್ದ ಕುರಿ ಕಾಯುವ ಹೆಂಗಸೊಬ್ಬಳು ಮಾತ್ರ ಕೈ ಚಾಚಲಿಲ್ಲ. "ಅಜ್ಜೀ, ಈ ಗಿಡಾನ ಯಾರೋ ಬೇಲಿಗೆ ಎಸೆದಿದ್ದು ನಮ್ಮ ಅಡವೀಲೆಲ್ಲ ಹಬ್ಬೈತೆ. ಇದರ ಹೂ ತಿಂದೇ ನಮ್ಮ ಕುರಿ ಸತ್ವು," ಅಂದಳು.

ನನ್ನ ಮುಖ ಸುಟ್ಟಂತಾಯಿತು. "ಗಿಡ ವಾಪಸ್ ಕೊಡ್ರಪ್ಪಾ," ಅಂತ ಕೈಯೊಡ್ಡಿಕೊಂಡು ಎಲ್ಲರ ಹತ್ತಿರ ಹೋದೆ. "ಸಕ್ಕರೇನೂ ಕಕ್ಕಬೇಕೇನಜ್ಜಿ?" ಅಂತ ಒಬ್ಬ ನಕ್ಕ. ಆ ಹೆಂಗಸು ಮಾತ್ರ ನಗದೆ, ಕೆಳಗೆ ಉದುರಿದ್ದ ಮರಿ ಸಸಿಗಳನ್ನೂ ಬಗ್ಗಿ ಆರಿಸಿಕೊಟ್ಟಳು.

ಗಿಡ ತೆಗೆದುಕೊಂಡವರಲ್ಲಿ ನನ್ನಿವಾಳ ಊರಿನ ಯಜಮಾನರೊಬ್ಬರಷ್ಟೇ ಸಿಗಲಿಲ್ಲ. ಹೂವಿನ ಟೊಂಗೆಯನ್ನು ಜೋಬಿಗೆ ಸಿಕ್ಕಿಸಿಕೊಂಡು, ಮಗುವಿಗೆ ಒಳ್ಳೇದಾಗಲಿ ಎಂದು ಮನಸಾರೆ ಹರಸಿ, ಆಗಲೇ ಬಸ್ಸು ಹತ್ತಿ ಊರಿಗೆ ಹೋಗಿಬಿಟ್ಟಿದ್ದರು.